ಇಳಿಜಾರಿನ ಖಾಲಿ ಚುಕ್ಕೆ

ಬೆಳಗ್ಗೆ ಕೆರೆಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಧ್ಯಾಹ್ನದೊಳಗೆ ಊರು ಅಪರಾಧಿಯನ್ನೂ ಹುಡುಕಿಬಿಟ್ಟಿತು: ದಡದ ಶೆಡ್ಡಿನಲ್ಲಿ ನೂಲಿಗೆ ಬಣ್ಣ ಹಾಕುವ ಮುದುಕ.

“ಶೆಡ್ಡಿಗೆ ಬೀಗ ಹಾಕ್ತೀವಿ,” ಎಂದ ಇನ್‌ಸ್ಪೆಕ್ಟರ್.

“ಹಾಕಿ ಸ್ವಾಮಿ. ಆಮೇಲೆ ಈ ಕೈಗೆ ಬೇರೆ ಕೆಲಸ ಕಲಿಸೋರು ಯಾರು?” ಮುದುಕ ನೀಲಿಗಟ್ಟಿದ ಬೆರಳು ತೋರಿಸಿದ.

ಜಲ ಇಲಾಖೆಯ ನಕ್ಷೆಗಾರ್ತಿ ನೀರಿನ ವರದಿ ಓದಿದಳು. “ಇದು ಬಣ್ಣ ಅಲ್ಲ ಸಾರ್. ನಿಷೇಧವಾದ ಕೀಟನಾಶಕ. ನನಗೊಂದು ವಾರ ಕೊಡಿ.”

*

ಅವಳು ಕಂಪ್ಯೂಟರಿನಲ್ಲಿ ಇಳಿಜಾರು, ಮಣ್ಣಿನ ಬಗೆ, ಮಳೆ ಎಂದು ಪದರದ ಮೇಲೆ ಪದರ ಹಾಸಿದಳು. ಕೆರೆಯ ಮೇಲಿನ ಗುಡ್ಡದ ಮನೆಗಳ ಹಿತ್ತಿಲುಗಳಿಂದ ಅಗೆದು ತಂದ ಮಣ್ಣಿನ ಪರೀಕ್ಷೆಯ ಫಲಿತಾಂಶ ಸೇರಿಸಿ, ವಿಷವಿದ್ದಲ್ಲಿ ಕೆಂಪು ಬಣ್ಣ ಕೊಟ್ಟಳು. ಇಡೀ ಇಳಿಜಾರು ಕೆಂಪಾಯಿತು.

“ವಿಷ ಮೇಲಿಂದ ಬಂದಿದೆ. ಕೆರೆ ದಡದಿಂದ ನೀರು ಗುಡ್ಡ ಹತ್ತಲ್ಲ.”

“ಅಂದ್ರೆ ಎಲ್ಲರೂ ಕಳ್ಳರಾ? ನನ್ನ ಹತ್ರ ಅಷ್ಟು ಕೋಳ ಇಲ್ಲಮ್ಮ,” ಎಂದ ಇನ್‌ಸ್ಪೆಕ್ಟರ್. “ಒಬ್ಬನ್ನ ತೋರಿಸು. ಇಲ್ಲಾಂದ್ರೆ ಬೀಗ ತಪ್ಪಲ್ಲ.”

ಹಿತ್ತಿಲಿನವರು ಹೇಳಿದ್ದು ಒಂದೇ ಮಾತು. ಬೀಜದಂಗಡಿಯ ಯಜಮಾನ ಪುಕ್ಕಟೆ ಗೊಬ್ಬರ ಹಂಚಿದ್ದ.

“ನನ್ನ ಹಿತ್ತಿಲಿಗೂ ಅದನ್ನೇ ಹಾಕಿದೀನಿ,” ಎಂದ ಯಜಮಾನ. “ಗೊಬ್ಬರದೋರು ಮೋಸ ಮಾಡಿದ್ರೆ ನಾನೂ ಮೋಸಹೋದೋನೇ.”

*

ನಕ್ಷೆಯಲ್ಲಿ ಅವನ ಹಿತ್ತಿಲೂ ಕೆಂಪೇ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಬಣ್ಣ ಅಳಿಸಿ, ಮಣ್ಣು ಅಗೆದ ಜಾಗದ ಚುಕ್ಕೆಗಳನ್ನಷ್ಟೇ ಉಳಿಸಿದಳು. ಅವನ ಹಿತ್ತಿಲಲ್ಲಿ ಚುಕ್ಕೆಯೇ ಇಲ್ಲ.

ಮಣ್ಣು ಅಗೆಯಲು ಅಂದು ಬಿಸಿಲಲ್ಲಿ ಬಂದವಳನ್ನು ಅವನು ನೆರಳಲ್ಲಿ ಕೂರಿಸಿ ಚಹಾ ಕೊಟ್ಟಿದ್ದ. “ನನ್ನದೂ ಪಕ್ಕದವರಂಥದೇ ಮಣ್ಣು ತಾಯಿ, ಯಾಕೆ ಸುಮ್ಮನೆ ಅಗೀತೀರಿ?” ಅವಳು ಅಗೆದಿರಲಿಲ್ಲ. ಖಾಲಿ ಜಾಗಕ್ಕೆ ಕಂಪ್ಯೂಟರು ಅಕ್ಕಪಕ್ಕ ನೋಡಿ ತಾನೇ ಬಣ್ಣ ತುಂಬಿತ್ತು.

ಅವಳು ಗುದ್ದಲಿ ಹಿಡಿದು ಹೊರಟಳು.

*

“ನಿಮ್ಮ ಮಣ್ಣಲ್ಲಿ ವಿಷದ ಸುಳಿವೇ ಇಲ್ಲ,” ಎಂದಳು, ಪರೀಕ್ಷೆಯಾದ ಮೇಲೆ ಇನ್‌ಸ್ಪೆಕ್ಟರನ ಜತೆ ಯಜಮಾನನ ಅಂಗಡಿಗೆ ಬಂದು. “ಆ ಗೊಬ್ಬರದಲ್ಲಿ ಏನಿದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಅದಕ್ಕೇ ನೀವು ಹಾಕಲಿಲ್ಲ. ಅಂಗಡೀಲಿ ಉಳಿದಿದ್ದ ನಿಷೇಧವಾದ ಸರಕನ್ನ ಗೊಬ್ಬರಕ್ಕೆ ಬೆರೆಸಿ ಹಂಚಿದ್ರಿ. ಒಂದೇ ಕಡೆ ಸುರಿದಿದ್ರೆ ಸಿಕ್ಕಿಬೀಳ್ತಿದ್ರಿ. ಮಳೆ ಅಷ್ಟನ್ನೂ ಕೂಡಿಸಿ ಕೆರೆಗಿಳಿಸ್ತು.”

ಯಜಮಾನ ಇನ್‌ಸ್ಪೆಕ್ಟರನ ಮುಖ ನೋಡಲಿಲ್ಲ. “ಮನೆಗೊಂದು ಹಿಡಿ. ಕರಗಿಹೋಗುತ್ತೆ ಅಂದ್ಕೊಂಡೆ.”

ಸಂಜೆ ನಕ್ಷೆಗಾರ್ತಿಯೇ ಕೆರೆಗೆ ಇಳಿದು ಹೋದಳು. “ತಾತ, ಬೀಗ ಇಲ್ಲ. ಕೆಲಸ ಶುರುಮಾಡಿ.”

ಮುದುಕ ಬಣ್ಣ ಕುದಿಸುವ ಒಲೆ ಹಚ್ಚಲಿಲ್ಲ. “ಮೇಲಿನ ಮನೆಯೋರಿಗೆ ಹೇಳಿದ್ರಾ? ಮಕ್ಕಳು ಆ ಮಣ್ಣಲ್ಲೇ ಆಡ್ತವೆ.”

ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿ, ತನ್ನತ್ತ ಬೊಟ್ಟು ಮಾಡಿದ್ದ ಮನೆಗಳ ಕಡೆಗೆ ಗುಡ್ಡ ಹತ್ತತೊಡಗಿದ.