ದೋಣಿಯ ಮೂತಿಯ ಮೂರು ಬಟ್ಟೆ

ಬುದ್ಧ ಶಕೆ 2562 (ಕ್ರಿ.ಶ. 2019), ಏಪ್ರಿಲ್ 6, ಶನಿವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಕೊ ಲಂಫು ದ್ವೀಪದ ಠಾಣೆಗೆ ದೂರು ಬಂತು. ಠಾಣೆ ಎಂದರೆ ಎರಡು ಕೋಣೆ, ಒಂದು ಫ್ಯಾನು, ಒಬ್ಬ ಸಬ್ ಇನ್ಸ್‌ಪೆಕ್ಟರ್, ಒಬ್ಬ ಕಾನ್ಸ್‌ಟೇಬಲ್. ಹಿಂದಿನ ವರ್ಷ ದಾಖಲಾಗಿದ್ದ ಪ್ರಕರಣಗಳು ನಾಲ್ಕು; ಅವುಗಳಲ್ಲಿ ಒಂದು ಕೋಳಿಯದು.

ದೂರು ತಂದವನು ಥವಿನ್. ಅರವತ್ತಾರು ವರ್ಷ. ನಲವತ್ತು ವರ್ಷದಿಂದ ಆಚೆ ದಡದ ಪ್ರವಾಸಿಗಳನ್ನು ಮರದ ದೋಣಿಯಲ್ಲಿ ಈ ದ್ವೀಪಕ್ಕೆ ಕರೆತರುತ್ತಿದ್ದವನು. ಅವನ ಹೆಂಡತಿ ಲಮೂನ್ ಅದೇ ಪ್ರವಾಸಿಗಳನ್ನು ತನ್ನ ನಾಲ್ಕು ಬಿದಿರಿನ ಮನೆಗಳಲ್ಲಿ ಇರಿಸಿಕೊಂಡು ಉಣ್ಣಿಸುತ್ತಿದ್ದಳು. ಸಬ್ ಇನ್ಸ್‌ಪೆಕ್ಟರ್ ದಮ್ರೊಂಗ್ ಎರಡು ವರ್ಷದಿಂದ ಮಧ್ಯಾಹ್ನದ ಊಟ ಮಾಡುತ್ತಿದ್ದುದೂ ಅವಳ ಅಡುಗೆಮನೆಯಲ್ಲೇ. ದಿನಾ "ಮಗಾ" ಎಂದು ಕರೆಯುತ್ತಿದ್ದ ಮುದುಕ ಇಂದು "ಸಾಹೇಬ್ರೇ" ಎಂದಾಗ ಅವನಿಗೆ ಕಸಿವಿಸಿಯಾಯಿತು.

"ನನ್ನ ದೋಣೀನ ಕೊಂದ್ಹಾಕಿದಾರೆ, ಸಾಹೇಬ್ರೇ."

"ಕೂತ್ಕೊಳ್ಳಿ ದೊಡ್ಡಪ್ಪ. ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ಮೂರಕ್ಕೆ. ನೀರು ಇಳೀತಿತ್ತು, ದೋಣಿ ಮರಳ ಮೇಲೆ ಕೂತಿತ್ತು. ಆಮೇಲೆ ಎಲ್ಲರ ಜೊತೆ ವಿಹಾರ ತೊಳೆಯೋಕೆ ಹೋದೆ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಯಾಕೆ ಬೇಕು? ಕ್ರಿತ್ ಅಲ್ದೆ ಇನ್ಯಾರು? ಅವನ ಸ್ಪೀಡ್ ಬೋಟಿಗೆ ನನ್ನ ದೋಣಿ ಅಡ್ಡ ಅಲ್ವಾ?"

ದೋಣಿಯನ್ನು ಓಡಿಸುವವನು ಥವಿನ್ ಆದರೂ ಅದು ಕಾಗದದಲ್ಲಿ ದ್ವೀಪದ ದೋಣಿ ಸಂಘದ್ದು. ಸಂಘದ ಅಧ್ಯಕ್ಷನನ್ನೂ ಕರೆಸಿ ಸಹಿ ಹಾಕಿಸಿಕೊಂಡು ಏಳೂವರೆಗೆ ಎಫ್‌ಐಆರ್ ದಾಖಲಿಸಲಾಯಿತು.

ಎಂಟೂಕಾಲಿಗೆ ಸ್ಥಳ ಪಂಚನಾಮೆ. ದಡದ ಪಕ್ಕದಲ್ಲಿ ದೋಣಿ ಹೊಟ್ಟೆ ತುಂಬ ಮರಳು ತುಂಬಿಕೊಂಡು ಮಗ್ಗುಲಾಗಿ ಬಿದ್ದಿತ್ತು. ರಾತ್ರಿಯ ಉಬ್ಬರದ ಹೊಡೆತಕ್ಕೆ ಅಡಿಯ ಮರವೇ ಮುರಿದಿತ್ತು. ಅಡಿ ಹಲಗೆಯಲ್ಲಿ ಮೂರು ತೂತು. ಮೂರೂ ದುಂಡಗೆ, ನಯವಾಗಿ ಬೈರಿಗೆಯಿಂದ ಕೊರೆದವು. ಕಾನ್ಸ್‌ಟೇಬಲ್ ಚಿಟ್ ಮಂಡಿಯೂರಿ ಬೆರಳು ತೂರಿಸಿ ನೋಡಿದ. ಚಿಟ್‌ಗೆ ಐವತ್ತು ವರ್ಷ, ಇದೇ ದ್ವೀಪದ ಬೆಸ್ತರ ಮನೆಯವನು. ದಮ್ರೊಂಗ್ ಸಮುದ್ರವೇ ಕಾಣದ ಈಶಾನ್ಯದ ಬಯಲು ಸೀಮೆಯವನು. ಮೀನಿನ ವಿಷಯದಲ್ಲಿ ಅವನ ಜ್ಞಾನ ತಟ್ಟೆಯ ಮೇಲಿನ ಮೀನಿಗಷ್ಟೇ ಸೀಮಿತ ಎಂದು ಚಿಟ್ ಆಗಾಗ ಕಾಲೆಳೆಯುತ್ತಿದ್ದ.

"ಹೊರಗಿಂದ ಕೊರೆದಿದಾರೆ ಸಾಹೇಬ್ರೇ. ದೋಣಿ ತೇಲ್ತಿದ್ರೆ ಅಡೀಗೆ ಕೈ ಹೋಗಲ್ಲ. ಮರಳ ಮೇಲೆ ಕೂತಿದ್ದಾಗಲೇ ಆಗಿರೋ ಕೆಲಸ ಇದು. ಅಂದ್ರೆ ನಿನ್ನೆ ಮೂರರಿಂದ, ನೀರು ಮತ್ತೆ ಏರೋ ಆರರ ಒಳಗೆ."

"ಹಾಡುಹಗಲಲ್ಲಿ?"

"ಊರಿಗೂರೇ ವಿಹಾರದಲ್ಲಿತ್ತು. ಹೊಸವರ್ಷಕ್ಕೆ ಬುದ್ಧನ ಅಂಗಳ ತೊಳೀತಿದ್ವಿ."

ಆಮೇಲೆ ಚಿಟ್ ದೋಣಿಯ ಎತ್ತರದ ಮೂತಿಯ ಕಡೆ ಕೈ ತೋರಿಸಿದ. ಮೂತಿ ಬೋಳಾಗಿತ್ತು. ಪ್ರತಿ ದೋಣಿಯ ಮೂತಿಗೂ ಬಣ್ಣದ ಬಟ್ಟೆ ಸುತ್ತಿರುತ್ತಾರೆ, ಹೂವಿನ ಮಾಲೆ ಹಾಕುತ್ತಾರೆ. ಅಲ್ಲಿ ದೋಣಿಯನ್ನು ಕಾಯುವ ದೇವಿ, ದೋಣಿಯ ತಾಯಿ ಇರುತ್ತಾಳೆ. ಅಲ್ಲಿ ಯಾರೂ ಕಾಲಿಡುವುದಿಲ್ಲ.

ಆ ಬಟ್ಟೆಗಳು ಒಂಬತ್ತು ಗಂಟೆಗೆ ಸಿಕ್ಕವು. ದಡದ ಬಾದಾಮಿ ಮರದ ಬುಡದಲ್ಲಿದ್ದ ಚಿಕ್ಕ ಗುಡಿಯ ಒಳಗೆ, ಅಲೆ ತಲುಪದ ಎತ್ತರದಲ್ಲಿ. ಕೆಂಪು, ಹಳದಿ, ನೀಲಿ. ಮೂರನ್ನೂ ಮಡಚಿ, ಮೇಲೆ ಮಲ್ಲಿಗೆ ಮಾಲೆ ಇಟ್ಟಿದ್ದರು. ಉರಿದು ಮುಗಿದ ಊದುಬತ್ತಿಯ ಕಡ್ಡಿಗಳೂ ಇದ್ದವು.

"ಶತ್ರುವಾದವನು ದೋಣೀನ ಕೊಲ್ಲೋಕೆ ಮುಂಚೆ ತಾಯೀನ ಕೆಳಗಿಳಿಸಿ, ಕ್ಷಮೆ ಕೇಳಿ, ನೆರಳಲ್ಲಿ ಕೂರಿಸ್ತಾನಾ?" ಎಂದ ಚಿಟ್. ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಬಟ್ಟೆಗಳನ್ನು ಮಡಿಕೆ ಬಿಚ್ಚದೆ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಪ್ರತಿಯೊಂದಕ್ಕೂ ಮೂರು ಮಡಿಕೆ, ಕೊನೆಯ ಅಂಚು ಒಳಗೆ ಸಿಕ್ಕಿಸಿದ್ದು. ಪಂಚನಾಮೆಯಲ್ಲಿ ಅದನ್ನೂ ಬರೆಸಿದ ದಮ್ರೊಂಗ್. ಯಾಕೆ ಬರೆಸಿದೆ ಎಂದು ಆಗ ಅವನಿಗೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಕ್ರಿತ್‌ನ ವಿಚಾರಣೆ.

"ನಿನ್ನೆ ಮೂರರಿಂದ ಆರರವರೆಗೆ ಎಲ್ಲಿದ್ದೆ?"

"ಆಚೆ ದಡದ ಜೆಟ್ಟೀಲಿ. ಒಂದಕ್ಕೆ ಹೋದೋನು ಏಳಕ್ಕೆ ವಾಪಸ್ ಬಂದೆ. ಅಲ್ಲಿ ಪುಸ್ತಕದಲ್ಲಿ ಸಹಿ ಇದೆ, ಹೋಗಿ ನೋಡಿ."

"ಮೂತಿಯ ಬಟ್ಟೆ ಯಾವ ಬಣ್ಣದ್ದು?"

"ಯಾವ ಬಟ್ಟೆ? ನನ್ನ ಬೋಟಿಗೆ ನಾನು ಕಟ್ಟಿರೋದೇ ಪ್ಲಾಸ್ಟಿಕ್ ಹೂವು ಸಾಹೇಬ್ರೇ."

ಜೆಟ್ಟಿಯ ಪುಸ್ತಕದಲ್ಲಿ ಸಹಿ ಇತ್ತು. ಕ್ರಿತ್‌ನನ್ನು ಬಿಟ್ಟರು. ಊರು ಮಾತ್ರ ಬಿಡಲಿಲ್ಲ. ಏಳನೇ ತಾರೀಖು ಸಂಜೆ ಅವನ ಬೋಟಿನ ಗಾಜಿಗೆ ಕಲ್ಲು ಬಿತ್ತು. ಸಂಘದ ಅಧ್ಯಕ್ಷ ಠಾಣೆಗೆ ಬಂದು ಮೇಜು ಗುದ್ದಿದ.

"ಅವನನ್ನ ಒಳಗೆ ಹಾಕಿ, ಇಲ್ಲಾಂದ್ರೆ ಮುಂದಿನ ಸಲ ಕಲ್ಲು ಗಾಜಿಗೆ ಬೀಳಲ್ಲ. ಇನ್ನೊಂದು ವಿಷಯ. ಸಂಘದ ಹಳೇ ದೋಣಿ ಒಂದಿದೆಯಲ್ಲ, ಅದಕ್ಕೆ ಬಣ್ಣ ಹೊಡೀತಿದೀವಿ. ಹದಿಮೂರಕ್ಕೆ, ಹೊಸವರ್ಷದ ಹಬ್ಬದ ಬೆಳಿಗ್ಗೆ, ಥವಿನಣ್ಣನ ಕೈಗೆ ಕೊಡ್ತೀವಿ. ಆವತ್ತಿನ ಮೊದಲ ಪ್ರವಾಸಿಗಳು ಅವನ ದೋಣೀಲೇ ಬರಬೇಕು."

ಈ ಸುದ್ದಿ ಕೇಳಿ ಊರಲ್ಲಿ ಎಲ್ಲರೂ ಕಣ್ಣೀರು ಹಾಕಿದರಂತೆ. ಲಮೂನ್ ಮಾತ್ರ ಏನೂ ಹೇಳದೆ ಒಳಗೆ ಹೋದಳಂತೆ. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡರು.

ಏಪ್ರಿಲ್ 8. ವಿಹಾರದಲ್ಲಿದ್ದವರ ಪಟ್ಟಿಯನ್ನು ಚಿಟ್ ಮೇಜಿನ ಮೇಲಿಟ್ಟ. ನಲವತ್ತೊಂದು ಹೆಸರು. ನಡುವೆ ಎದ್ದು ಹೋದವರು ಒಬ್ಬರೇ. ಆ ಹೆಸರನ್ನು ಚಿಟ್ ಕಟ್ಟಕಡೆಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆದಿದ್ದ.

"ಲಮೂನಕ್ಕ. ಮೂರೂ ಮುಕ್ಕಾಲಿಗೆ ಹೋಗಿ ನಾಲ್ಕೂವರೆಗೆ ಬಂದ್ರು. ಪರಂಗಿಯವರ ಹಾಸಿಗೆ ಬಟ್ಟೆ ಬದಲಾಯಿಸೋಕೆ ಅಂದ್ರು. ಅಷ್ಟೇ ಸಾಹೇಬ್ರೇ."

"ಅಷ್ಟೇ ಆದ್ರೆ ಕೇಳಿ ಬರೋದ್ರಲ್ಲಿ ತಪ್ಪೇನಿದೆ?"

ಲಮೂನ್‌ಳ ಮೂರನೇ ನಂಬರಿನ ಬಿದಿರಿನ ಮನೆಯಲ್ಲಿ ತಿಂಗಳಿಂದ ತಂಗಿದ್ದವರು ಡಚ್ ಹೆಂಗಸು ಮಾರೈಕೆ ಮತ್ತು ಅವಳ ಆರು ವರ್ಷದ ಮಗಳು. ದಮ್ರೊಂಗ್‌ನ ಹರಕು ಇಂಗ್ಲಿಷ್ ಆ ದಿನ ಹೇಗೋ ಕೆಲಸಕ್ಕೆ ಬಂತು. ಶುಕ್ರವಾರ ಹಾಸಿಗೆ ಬಟ್ಟೆ ಬದಲಾಯಿಸಲು ಲಮೂನ್ ಬಂದಿದ್ದಳೇ? ಬಂದಿದ್ದಳು, ಆದರೆ ಸಂಜೆ ಆರರ ಮೇಲೆ. ನಾಲ್ಕಕ್ಕೆ? ಇಲ್ಲ, ಆಗ ನಾವಿಬ್ಬರೂ ಜಗುಲಿಯಲ್ಲೇ ಇದ್ದೆವು, ಯಾರೂ ಬರಲಿಲ್ಲ.

ಮಂಚದ ಕಾಲ ಬಳಿ ಒಗೆದ ಟವೆಲುಗಳಿದ್ದವು. ಮೂರು ಮಡಿಕೆ, ಕೊನೆಯ ಅಂಚು ಒಳಗೆ ಸಿಕ್ಕಿಸಿದ್ದು. ದಮ್ರೊಂಗ್ ಕುಕ್ಕರಗಾಲಲ್ಲಿ ಕೂತು ಒಂದರ ಅಂಚು ಮುಟ್ಟಿ ನೋಡಿದ. ಮೂವತ್ತು ವರ್ಷ ಟವೆಲು ಮಡಚಿದ ಕೈ ದೋಣಿಯ ತಾಯಿಯ ಬಟ್ಟೆಗಳನ್ನೂ ಹಾಗೆಯೇ ಮಡಚಿತ್ತು.

ಅವನು ಎದ್ದು ಹೊರಟಾಗ ಮಾರೈಕೆ ತಡೆದಳು. ಯಾರಿಗೂ ಹೇಳಬೇಡ ಎಂದು ಲಮೂನ್ ಕೇಳಿಕೊಂಡಿದ್ದಳಂತೆ. ಆದರೆ ಪೊಲೀಸರೇ ಬಂದ ಮೇಲೆ ಹೇಳದಿರಲಾರೆ ಎಂದಳು. ಮಾರ್ಚ್ 29ರ ಬೆಳಿಗ್ಗೆ ಮಗಳು ದಡದ ಹತ್ತಿರವೇ ಈಜುತ್ತಿದ್ದಳು. ಥವಿನ್‌ನ ದೋಣಿ ಬಂತು. ತಾಯಿ ದಡದಲ್ಲಿ ನಿಂತು ಎರಡೂ ಕೈ ಬೀಸಿ ಕಿರುಚಿದಳು. ಮುದುಕ ಅವಳನ್ನೇ ನೋಡುತ್ತ ನಕ್ಕು, ತಾನೂ ಕೈ ಬೀಸಿದ. ದೋಣಿ ನಿಲ್ಲಲಿಲ್ಲ. ಮಗುವಿನಿಂದ ಒಂದು ಮೊಳ ದೂರದಲ್ಲಿ ದೋಣಿಯ ಮೋಟಾರಿನ ತಿರುಗಣಿ ನೀರು ಕೊರೆಯುತ್ತ ಹೋಯಿತು.

ಮಧ್ಯಾಹ್ನ ಒಂದಕ್ಕೆ ದಮ್ರೊಂಗ್ ಎಂದಿನಂತೆ ಲಮೂನ್‌ಳ ಅಡುಗೆಮನೆಗೆ ಹೋದ. ಆಕೆ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಅನ್ನಕ್ಕೆ ಹುಳಿ ಮೀನಿನ ಸಾರು ಬಡಿಸಿ ಎದುರಿಗಿಟ್ಟಳು. ಅವನು ತಟ್ಟೆ ಮುಟ್ಟಲಿಲ್ಲ.

"ಯಾಕೆ ಮಗಾ, ಖಾರ ಆಯ್ತಾ? ಇನ್ನೂ ಬಾಯಿಗೇ ಇಟ್ಟಿಲ್ಲ."

"ದೊಡ್ಡಮ್ಮ, ಶುಕ್ರವಾರ ನಾಲ್ಕು ಗಂಟೆಗೆ ಎಲ್ಲಿದ್ರಿ?"

ಆಕೆ ಸೌಟನ್ನು ಕೆಳಗಿಟ್ಟಳು.

"ಬೈರಿಗೆ ಒರೆಸಿಟ್ಟೆ. ಊದುಬತ್ತೀನೂ ಹಚ್ಚಿದೆ. ಇನ್ನೇನು ಮರೆತೆ?"

"ಮಡಿಕೆ."

ಆಕೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅಳಲಿಲ್ಲ. "ಜಗಳ ಆಡ್ಕೊಂಡು ಸಿಟ್ಟಲ್ಲಿ ಮಾಡಿದೆ ಅಂತ ಬರ್ಕೋ. ಕೈಮುಗೀತೀನಿ, ಅವರ ಕಣ್ಣಿನ ವಿಷಯ ಬರೀಬೇಡ."

ಮೂರು ವರ್ಷದ ಹಿಂದೆ ಪಟ್ಟಣದ ಡಾಕ್ಟರು ಥವಿನ್‌ನ ಕಣ್ಣು ನೋಡಿ ಹೇಳಿದ್ದರು. ಪೊರೆಯಲ್ಲ, ನರ ಸಾಯುತ್ತಿದೆ. ನೆಟ್ಟಗೆ ಎದುರಿಗಿದ್ದದ್ದು ಕಾಣುತ್ತದೆ, ಎರಡೂ ಪಕ್ಕದ್ದು ಕಾಣುವುದಿಲ್ಲ. ಥವಿನ್ ಆ ಚೀಟಿಯನ್ನು ಸಮುದ್ರಕ್ಕೆ ಎಸೆದು, ಡಾಕ್ಟರಿಗೇ ಕನ್ನಡಕ ಬೇಕು ಎಂದು ನಕ್ಕಿದ್ದ. ಅವನಿಗೆ ಕಣ್ಣಿಲ್ಲ ಎಂದು ಊರಿಗೆ ಸಾರಿದರೆ ಅವನು ಬದುಕಿಯೂ ಸತ್ತಂತೆ. ಸಾರದಿದ್ದರೆ ಇನ್ಯಾರದೋ ಮಗು ಸಾಯುತ್ತದೆ. ಲಮೂನ್ ಒಂದು ವಾರ ನಿದ್ದೆಗೆಟ್ಟು, ಕೊನೆಗೆ ದೋಣಿಯೇ ಸಾಯಲಿ ಎಂದುಕೊಂಡಿದ್ದಳು.

"ಅವರಿಗೆ ವಯಸ್ಸಾಯ್ತು, ದೋಣಿ ಹೋಯ್ತು, ಇನ್ನು ಮನೇಲಿರ್ತಾರೆ ಅಂದ್ಕೊಂಡೆ. ಕ್ರಿತ್ ತಲೆ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ. ಊರವರು ಇನ್ನೊಂದು ದೋಣಿ ಕೊಡ್ತಾರೆ ಅಂತಾನೂ ಹೊಳೀಲಿಲ್ಲ."

"ನಾನು ಜಗಳ ಅಂತ ಬರೆದ್ರೆ ಹದಿಮೂರಕ್ಕೆ ಅವರು ಆ ದೋಣಿ ಹತ್ತುತ್ತಾರೆ ದೊಡ್ಡಮ್ಮ. ಹಬ್ಬದ ದಿನ ದಡದ ತುಂಬ ಮಕ್ಕಳಿರ್ತಾರೆ."

ಆಕೆ ಒರಳನ್ನು ಮೂಲೆಗೆ ಸರಿಸಿದಳು. ಆಮೇಲೆ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

"ನಾಳೆ ಬೆಳಿಗ್ಗೆ ಬರ್ತೀನಿ. ಅವರನ್ನೂ ಕರ್ಕೊಂಡು ಬರ್ತೀನಿ. ಅವರ ಎದುರಿಗೇ ಹೇಳ್ತೀನಿ."

ಏಪ್ರಿಲ್ 9, ಬೆಳಿಗ್ಗೆ ಒಂಬತ್ತಕ್ಕೆ ಗಂಡಹೆಂಡತಿ ಠಾಣೆಯಲ್ಲಿ ಕುಳಿತರು. ಚಿಟ್ ಚಹಾ ತಂದಿಟ್ಟು ಗೋಡೆಗೆ ಒರಗಿ ನಿಂತ. ಲಮೂನ್ ತಡವರಿಸದೆ ಎಲ್ಲವನ್ನೂ ಹೇಳಿದಳು. ಥವಿನ್‌ನ ಮುಖ ಕೆಂಪೇರಿತು.

"ನನಗೆ ಕಣ್ಣು ಕಾಣಲ್ವಾ? ಈ ಸಮುದ್ರದ ಒಂದೊಂದು ಬಂಡೇನೂ ಗೊತ್ತು ನನಗೆ! ಹರಿದ್ಹಾಕಿ ಸಾಹೇಬ್ರೇ ನನ್ನ ದೂರು, ಅವಳಿಗೆ ತಲೆ ಕೆಟ್ಟಿದೆ!"

"ದೋಣಿ ಸಂಘದ್ದು ದೊಡ್ಡಪ್ಪ. ನೀವು ಹರೀ ಅಂದ್ರೆ ಹರಿಯೋಕಾಗಲ್ಲ."

ಮುದುಕ ಸಿಟ್ಟಿನಲ್ಲಿ ಮೇಜಿನ ಕಡೆ ಕೈ ಚಾಚಿದ. ಚಹಾದ ಲೋಟ ಅವನ ಬಲಗಡೆಗಿತ್ತು. ಕೈ ತಗಲಿ ಉರುಳುವುದರೊಳಗೆ ಲಮೂನ್ ಅದನ್ನು ಎತ್ತಿ ಅವನ ಎದುರಿಗೆ ಸರಿಸಿದಳು. ಯೋಚಿಸಿ ಮಾಡಿದ್ದಲ್ಲ ಅದು, ಕೈಗೆ ರೂಢಿಯಾಗಿತ್ತು. ಥವಿನ್ ಲೋಟವನ್ನೂ ಆ ಕೈಯನ್ನೂ ನೋಡಿದ.

"ಹೀಗೆ ಎಷ್ಟು ದಿನದಿಂದ ಎದುರಿಗೆ ತಂದಿಡ್ತಿದ್ದೀಯ?"

"ಮೂರು ವರ್ಷ ಆಯ್ತು."

ಮುದುಕ ಚಹಾ ಕುಡಿಯಲಿಲ್ಲ. ಮಾತಾಡಿದಾಗ ಅವನ ಧ್ವನಿ ಅವನದೇ ಅಲ್ಲವೇನೋ ಎನ್ನುವಷ್ಟು ಸಣ್ಣಗಾಗಿತ್ತು.

"ಆ ಪರಂಗಿ ತಾಯಿ... ಕೈ ಬೀಸಿದ್ದು ನೆನಪಿದೆ. ಪಾಪ, ಎಷ್ಟು ಪ್ರೀತಿಯ ಹೆಂಗಸು ಅಂದ್ಕೊಂಡೆ. ಅವಳು ಮಗೂಗೋಸ್ಕರ ಕೂಗ್ತಿದ್ಲಾ? ನಾನು ನಕ್ಕೊಂಡು ಕೈ ಬೀಸಿದೆನಾ?"

ಲಮೂನ್ ಅವನ ಕೈ ಮೇಲೆ ಕೈಯಿಟ್ಟಳು.

"ಬರ್ಕೊಳ್ಳಿ," ಎಂದ ಥವಿನ್. "ನನ್ನ ಹೇಳಿಕೇನೂ ಬರ್ಕೊಳ್ಳಿ. ಕಣ್ಣು ಕಾಣಲ್ಲ ಅಂತ. ಕ್ರಿತ್‌ಗೆ ನಾನೇ ಹೋಗಿ ತಪ್ಪಾಯ್ತು ಅಂತೀನಿ."

ಸಹಿಯ ಗೆರೆ ಅವನಿಗೆ ಸಿಗಲಿಲ್ಲ. ದಮ್ರೊಂಗ್ ಕಾಗದವನ್ನು ನೆಟ್ಟಗೆ ಎದುರಿಗೆ ಸರಿಸಿ ಹಿಡಿದ.

ಹತ್ತು ಇಪ್ಪತ್ತಕ್ಕೆ ಲಮೂನ್‌ಳ ಬಂಧನವನ್ನು ದಾಖಲಿಸಿದರು. ಆಕೆಯನ್ನು ಆಚೆ ದಡದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಜಾಮೀನಿಗೆ ತಾನು ನಿಲ್ಲುತ್ತೇನೆ ಎಂದ ಚಿಟ್. ಪ್ರಕರಣದ ದಿನಚರಿಯಲ್ಲಿ ಕೃತ್ಯದ ಕಾರಣ ಎಂಬ ಕಡೆ ದಮ್ರೊಂಗ್ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ. ಮೂರನೆಯ ಸಲ ಹೀಗೆ ಬರೆದ: "ಆರೋಪಿಗೆ ದೋಣಿಯ ಮೇಲಾಗಲಿ, ಯಾವ ವ್ಯಕ್ತಿಯ ಮೇಲಾಗಲಿ ದ್ವೇಷವಿರಲಿಲ್ಲ. ಗಂಡನ ಮಾನ ಮತ್ತು ಇತರರ ಮಕ್ಕಳ ಪ್ರಾಣ, ಎರಡನ್ನೂ ಉಳಿಸಲು ಬೇರೆ ದಾರಿ ತೋಚಲಿಲ್ಲ."

ಹನ್ನೊಂದಕ್ಕೆ ಪೊಲೀಸ್ ದೋಣಿ ಹೊರಟಿತು. ಥವಿನ್ ತಾನೂ ಬರುತ್ತೇನೆಂದು ಹತ್ತಿದ. ನಲವತ್ತು ವರ್ಷ ದೋಣಿಯ ಹಿಂಬದಿಯಲ್ಲಿ ನಿಂತವನು ಮೊದಲ ಸಲ ಪ್ರಯಾಣಿಕರ ಹಲಗೆಯ ಮೇಲೆ ಕೂತ. ಲಮೂನ್ ಅವನ ಪಕ್ಕದಲ್ಲೇ ಇದ್ದಳು. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಅವನು ಅತ್ತಿತ್ತ ಕತ್ತು ತಿರುಗಿಸತೊಡಗಿದ.

"ಲಮೂನ್? ಎಲ್ಲಿದ್ದೀಯ?"

ಎಲ್ಲರೆದುರಿಗೆ ಅವನು ಹಾಗೆ ಕೇಳಿದ್ದು ಅದೇ ಮೊದಲು. ಆಕೆ ಎದ್ದು, ಚಿಟ್‌ನ ಭುಜ ಹಿಡಿದುಕೊಂಡು ಮುಂದೆ ಬಂದು, ಗಂಡನ ನೆಟ್ಟ ಎದುರಿಗೆ ಕೂತಳು.