ಅಂಚಿನ ಸಾಲಿನ ತೆನೆ

"ಏಯ್! ಯಾರ್ರೀ ಅದು, ನನ್ನ ಜೋಳ ಕೀಳ್ತಿರೋದು?"

ಬೇಲಿ ದಾಟಿದ್ದ ಬೆಳೆ ಪರೀಕ್ಷಕಿ ಬೆಚ್ಚಿ ತಿರುಗಿದಳು. ಕೈಯಲ್ಲಿ ಮೆಕ್ಕೆಜೋಳದ ತೆನೆ, ಎದುರಿಗೆ ಕಣ್ಣು ಕೆಂಪಗೆ ಮಾಡಿಕೊಂಡ ರೈತ!

"ಸರ್ಕಾರಿ ಪ್ರಯೋಗಾಲಯದವಳು... ಮಾದರಿಗೆ..."

"ಮಾದರಿಗೆ ಬರೋರು ದಾರೀಲಿ ಬರ್ತಾರೆ. ಹೀಗೆ ಮೇಕೆ ಥರ ಬೇಲಿ ಹಾರಲ್ಲ!"

ಅವಳಿಗೆ ನಗು ಉಕ್ಕಿತು. ಅವನಿಗೂ! ಆ ತಡಬಡಿಕೆಯಲ್ಲಿ ಸಿಕ್ಕಿದ್ದನ್ನೇ ಚೀಲಕ್ಕೆ ತುರುಕಿ ಹೊರಟುಬಿಟ್ಟಳು.

ಆಮೇಲೆ ಅವನ ಫೋನು. "ಫಲಿತಾಂಶ ಬಂತಾ?" ಎಂದು ಶುರುವಾದದ್ದು "ಊಟ ಆಯ್ತಾ?" ಎಂಬಲ್ಲಿಗೆ ಬಂದು ನಿಂತಿತು. ಕೊನೆಗೊಂದು ಸಂಜೆ, "ನಮ್ಮಮ್ಮನ್ನ ನೋಡೋಕೆ ಬರ್ತೀರಾ?" ಎಂದ. ಅವಳು ಹೂಂ ಎಂದಳು.

ಮರುದಿನವೇ ಪ್ರಯೋಗಾಲಯದ ಯಂತ್ರ ತೋರಿಸಿತು... ಅವನ ತೆನೆಯಲ್ಲಿ ಬೀಜದ ಕಂಪನಿಯೊಂದರ ಕುಲಾಂತರಿ ತಳಿ! ಕಂಪನಿಯ ಪ್ರಯೋಗದ ಹೊಲದಾಚೆ ಅದನ್ನು ಬೆಳೆಯುವುದೇ ಅಪರಾಧ.

ಅವಳು ಫಲಿತಾಂಶವನ್ನು ಮತ್ತೊಮ್ಮೆ ಓದಿದಳು. 'ಫೋನಲ್ಲಿ ಅಜ್ಜಿ ಕಾಲದ ಬೀಜ ಅಂದಿದ್ದೆಲ್ಲ ಸುಳ್ಳಾ? ನನ್ನನ್ನ ಒಲಿಸ್ಕೊಂಡಿದ್ದೂ ಇದನ್ನ ಮುಚ್ಚಿಡೋಕೇನಾ?'

ಕಣ್ಣೊರೆಸಿಕೊಂಡು ವರದಿ ಕಳಿಸಿದಳು. ಆದೇಶ ಬಂತು: ಇಡೀ ಹೊಲ ಸುಡಬೇಕು.

ಸುಡುವ ದಿನ ಅಧಿಕಾರಿಯ ಜೊತೆ ಅವಳೂ ಹೋದಳು.

"ಕಂಪನಿಯೋರ ಋಣ ತೀರಿತಾ?" ಎಂದ ಅವನು, ಕಹಿಯಾಗಿ.

"ನಿಮ್ಮ ತೆನೇಲೇ ಸಿಕ್ಕಿದ್ದು! ಬೇಲಿ ಪಕ್ಕ ನಾನೇ ಕಿತ್ತಿದ್ದು!"

"ಬೇಲಿ ಪಕ್ಕಾನಾ?" ಅವನು ದಂಗಾದ. "ಆ ಸಾಲುಗಳನ್ನ ನಾವು ತಿನ್ನಲ್ಲ, ಬೀಜಕ್ಕೂ ಇಡಲ್ಲ ಕಣ್ರೀ! ಆಚೆ ಕಂಪನಿಯ ಪ್ರಯೋಗದ ಹೊಲ. ಗಾಳೀಲಿ ಬರೋ ಪರಾಗ ಅಲ್ಲೇ ನಿಲ್ಲಲಿ ಅಂತ ಬಿಟ್ಟಿರೋದು!"

ಅಂಚು ಬಿಟ್ಟು ಹೊಲದ ಒಳಗಿನಿಂದ ಮಾದರಿ ತೆಗೆಯಬೇಕು... ಈ ಕೆಲಸದ ಮೊದಲ ಪಾಠವೇ ಅದು! ಅಂದಿನ ತಡಬಡಿಕೆಯಲ್ಲಿ ಅವಳು ಅದನ್ನೇ ಮರೆತಿದ್ದಳು.

ಜೋಳದ ನಡುವೆ ಓಡಿದಳು. ಅಲ್ಲಲ್ಲಿ ತೆನೆ ಕಿತ್ತು, ಕಾಳು ಅರೆದು ನೀರಿಗೆ ಹಾಕಿ, ಚೀಲದಲ್ಲಿದ್ದ ಪರೀಕ್ಷೆಯ ಪಟ್ಟಿ ಅದ್ದಿದಳು. ಒಂದರಲ್ಲೂ ಕುಲಾಂತರಿಯ ಗೆರೆ ಮೂಡಲಿಲ್ಲ!

"ಸರ್, ಬೆಂಕಿ ಹಚ್ಚಬೇಡಿ! ತಪ್ಪು ನಂದು!"

"ಹುಚ್ಚೇನಮ್ಮ ನಿಂಗೆ? ಕೆಲಸ ಹೋಗುತ್ತೆ," ಅಧಿಕಾರಿ ಪಿಸುಗುಟ್ಟಿದರು.

"ಹೋಗಲಿ! ಪರಾಗ ಬಿಟ್ಟವರಿಗೆ ಅನುಮತಿ, ತಡೆದವನಿಗೆ ಬೆಂಕಿ. ಇದ್ಯಾವ ಸೀಮೆ ನಿಯಮ ಸರ್?"

ಅಧಿಕಾರಿ ಆದೇಶದ ಹಾಳೆ ಮಡಚಿ ಜೇಬಿಗಿಟ್ಟರು. ಸುಡಲು ಬಂದವರಿಗೆ ಹಿಂದೆ ಸರಿಯುವಂತೆ ಕೈಬೀಸಿದರು.

ಅವಳ ಕಣ್ಣು ತುಂಬಿ ಹರಿಯುತ್ತಿತ್ತು. "ಒಂದು ಮಾತೂ ಕೇಳದೆ ನಿಮ್ಮನ್ನ ಮೋಸಗಾರ ಅಂದ್ಕೊಂಡೆ..."

"ನಾನೇನು ಕಮ್ಮೀನಾ? ನಿಮ್ಮನ್ನ ಕಂಪನಿಯೋರ ಕಡೆಯೋರು ಅಂದ್ಕೊಂಡ್ಬಿಟ್ಟಿದ್ದೆ."

"ಇನ್ನು ನಿಮ್ಮಮ್ಮನ ಮುಂದೆ ಯಾವ ಮುಖ ಹೊತ್ಕೊಂಡು ಬರ್ಲಿ?"

"ಈ ಅತ್ತಿರೋ ಮುಖಾನೇ ಹೊತ್ಕೊಂಡು ಬಾ. ಅಳಿಸಿದ್ದು ಯಾಕೆ ಅಂತ ಅಮ್ಮ ನಂಗೇ ಬೈತಾಳೆ."

ಅವಳು ಅಳುತ್ತಲೇ ನಕ್ಕಳು.

"ಬೈಸ್ಕೋ... ನಾನು ಪಕ್ಕದಲ್ಲೇ ನಿಂತಿರ್ತೀನಿ."