ಸೋಮವಾರದ ಫೋನು

ಆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ದಿನಕ್ಕೆ ನೂರು ಸಲವಾದರೂ ಹೇಳುತ್ತಿದ್ದ ಮಾತು ಒಂದೇ: "ಲೈನ್ ಎಂಗೇಜ್ ಇದೆ, ಸ್ವಲ್ಪ ಹಿಡ್ಕೊಳ್ಳಿ."

ಹಿಡಿದುಕೊಳ್ಳುವುದರಲ್ಲಿ ಔಷಧದ ಉಗ್ರಾಣದ ಸ್ಟೋರ್‌ಕೀಪರ್‌ನನ್ನು ಮೀರಿಸುವವರಿರಲಿಲ್ಲ.

"ಸಾರ್, ಮೂರನೇ ವಾರ್ಡ್ ಲೈನ್ ಸಿಕ್ತು. ಕೊಡ್ಲಾ?"

"ಅಯ್ಯೋ, ಇಷ್ಟು ಬೇಗ್ನಾ?"

ಅವಳು ನಗು ನುಂಗಿಕೊಳ್ಳುವಳು. ಪಕ್ಕದ ಕುರ್ಚಿಯ ಹಿರಿಯ ಆಪರೇಟರ್, ಎಲ್ಲರ ಬಾಯಲ್ಲೂ 'ಅಕ್ಕ', ಹುಬ್ಬು ಹಾರಿಸುವಳು. ಕ್ಯಾಂಟೀನಿನಲ್ಲಿ ಎದುರಾದರೆ ಮಾತ್ರ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಲೋಟದ ಅಂಚಿನಿಂದ ಒಮ್ಮೆ ಕಣ್ಣೆತ್ತಿ, ಕಿವಿಯವರೆಗೂ ಕೆಂಪಾಗುತ್ತಿದ್ದ.

ಒಂದು ಶನಿವಾರ ಮೆಟ್ಟಿಲ ಬಳಿ ಅಂತೂ ಹೇಳಿಯೇ ಬಿಟ್ಟ.

"ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ಬೇಕು ಅಂತಿದೀನಿ. ಈಗ್ಲೇ ಉತ್ತರ ಹೇಳ್ಬೇಡಿ. ಸೋಮವಾರ ಫೋನ್ ಮಾಡ್ತೀನಿ."

ಸೋಮವಾರ ಅವಳು ಮೈಯೆಲ್ಲ ಕಿವಿಯಾಗಿ ಕಾದಳು. ಮ್ಯಾನೇಜರ್ ಕರೆದಾಗ ಹತ್ತು ನಿಮಿಷ ಎದ್ದು ಹೋಗಿದ್ದು ಬಿಟ್ಟರೆ ಕುರ್ಚಿ ಬಿಟ್ಟು ಕದಲಲಿಲ್ಲ. ಅವನ ದನಿ ಕೇಳಲಿಲ್ಲ. ಮರುದಿನವೂ ಇಲ್ಲ. ತಾನಾಗಿ ಹೋಗಿ ಕೇಳಲು ಬಿಗುಮಾನ. ಎಂಟನೇ ದಿನ ಅದನ್ನೂ ಬಿಟ್ಟು ಉಗ್ರಾಣಕ್ಕೆ ಇಳಿದರೆ, ಅಲ್ಲಿ ಬೇರೆ ಯಾರೋ ಕೂತಿದ್ದರು. ಅವನು ಕೇಳಿ ವರ್ಗ ಮಾಡಿಸಿಕೊಂಡು ಬೇರೆ ಊರಿನ ಶಾಖೆಗೆ ಹೋಗಿಬಿಟ್ಟಿದ್ದ.

ಮೂರು ವರ್ಷದ ಮೇಲೆ ಅವನು ಅವಳ ಕಿಟಕಿಯೆದುರು ನಿಂತಿದ್ದ. ಹೆಗಲ ಮೇಲೆ ಜ್ವರದಿಂದ ಸೊರಗಿದ ಮಗು. ಆಚೆ ಔಷಧದ ಸಾಲಿನಲ್ಲಿ ಅವನ ಹೆಂಡತಿ.

"ಯಜಮಾನ್ರು ಚೆನ್ನಾಗಿದಾರಾ?" ಎಂದು ಕೇಳಿದ.

"ಯಾವ ಯಜಮಾನ್ರು? ನಂಗೆ ಮದ್ವೆನೇ ಆಗಿಲ್ವಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಸೋಮವಾರ ಫೋನ್ ಮಾಡಿದ್ನಲ್ಲ... ಅಕ್ಕ ಎತ್ಕೊಂಡ್ರು. 'ಅವಳು ಎಂಗೇಜ್ ಆಗಿದಾಳೆ ಕಣಪ್ಪ' ಅಂದ್ರು. ನಿಮ್ಗೆ ಗಂಡು ಗೊತ್ತಾಗಿದೆ ಅಂದ್ಕೊಂಡು, ಯಾರು ಅಂತಲೂ ಹೇಳ್ದೆ ಫೋನ್ ಇಟ್ಬಿಟ್ಟೆ. ಮತ್ತೆ ಕೇಳೋಕೆ ಧೈರ್ಯ ಬರ್ಲಿಲ್ಲ."

"ಮ್ಯಾನೇಜರ್ ರೂಮಲ್ಲಿದ್ದೆ," ಎಂದಳು ಅವಳು ಮೆಲ್ಲಗೆ. "ಕೆಲ್ಸದಲ್ಲಿದಾಳೆ ಅಂತ ಹೇಳಿದಾರೆ, ಪಾಪ."

ಮಗು ನರಳಿತು. ಅವನು ಬೆನ್ನು ತಟ್ಟುತ್ತಲೇ ಕೇಳಿದ, "ಏನ್ ಹೇಳೋರಿದ್ರಿ ಅವತ್ತು?"

"ಬನ್ನಿ ಅಂತ. ಭಾನುವಾರನೇ ಕಿಟಕಿಗೆಲ್ಲ ಹೊಸ ಪರದೆ ಹಾಕಿದ್ದೆ."

ಅಷ್ಟರಲ್ಲಿ ಹೆಂಡತಿ ಔಷಧ ಹಿಡಿದು ಬಂದಳು. ಆಪರೇಟರ್ ಕೈ ಚಾಚಿ ಮಗುವಿನ ಹೊದಿಕೆ ಸರಿಮಾಡಿ, "ಗಾಳಿಗೆ ಒಡ್ಬೇಡಿ, ಬೇಗ ಮನೆ ಸೇರ್ಕೊಳ್ಳಿ," ಎಂದಳು. ಅವನು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದ.

"ಸ್ಟೋರಿನ ಹುಡುಗ ಅಲ್ವೇನೇ ಅವ್ನು?" ಅಕ್ಕ ಹಲ್ಲು ಕಡಿದಳು. "ಹೇಳ್ದೆ ಕೇಳ್ದೆ ಓಡಿಹೋದ ಕಳ್ಳ! ಈಗೇನಂತೆ?"

ಅವನು ಹೋದ ಆ ದಿನಗಳಲ್ಲಿ ತನ್ನ ಡಬ್ಬಿಯ ಊಟ ಕಲಸಿ ಅವಳಿಗೆ ಬಲವಂತವಾಗಿ ತಿನ್ನಿಸಿದವಳು ಇದೇ ಅಕ್ಕ. ಈ ತಿಂಗಳ ಕೊನೆಗೆ ಅಕ್ಕನ ನಿವೃತ್ತಿ.

"ಏನಿಲ್ಲ ಅಕ್ಕ. ನಿಮ್ಮನ್ನ ಕೇಳಿದೆ ಅಂತ ಹೇಳಿ ಅಂದ್ರು."

ಹಾಗೆಂದವಳೇ ಅಕ್ಕನ ಭುಜಕ್ಕೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಏನೂ ತಿಳಿಯದೆ, "ಹೋಗ್ಲಿ ಬಿಡೇ, ಅವ್ನಿಗೆ ಅದೃಷ್ಟ ಇರ್ಲಿಲ್ಲ," ಎನ್ನುತ್ತಾ ಅವಳ ತಲೆ ನೇವರಿಸುತ್ತಿದ್ದಳು.